ನೆಲಕ್ಕೆ ತಾಗದ ಬೆಂಕಿ

ನೀರಿನ ಮೇಲೆ ಹೋಗುವವರಿಗೆ ಬೆಂಕಿಯ ಉಸಾಬರಿ ಯಾಕೆ ಅನ್ನುವುದೇ ಮೊದಲು ನನ್ನ ತಲೆಗೆ ಹೋಗಲಿಲ್ಲ. ಶಿರಾ ಗೇಟಿನ ನನ್ನ ತಗಡಿನ ಅಂಗಡಿಗೆ ಬರುವವರು ಟ್ರಂಕು, ಆಲಿಕೆ, ಇದ್ದಿಲು ಒಲೆ ಕೇಳುವವರು. ಆ ದಿನ ಬಾಗಿಲಿಗೆ ಅಡ್ಡ ನಿಂತವರು ಕೇಳಿದ್ದು ಬೇರೆ. ಬೆಳಕು ಬಿಟ್ಟು ಪಕ್ಕಕ್ಕೆ ನಿಂತ್ಕೊಳಿ ಎಂದು ನಾನು ಗದರಿದೆ, ನನ್ನ ಬಾಯಿ ಮೊದಲಿನಿಂದಲೂ ಅಷ್ಟೇ. ಅವರು ಬೇಜಾರು ಮಾಡಿಕೊಳ್ಳದೆ ಪಕ್ಕಕ್ಕೆ ಸರಿದು, ನಾನು ಸುತ್ತಿಗೆ ಕೆಳಗಿಡುವವರೆಗೂ ಕಾದು, ಆಮೇಲೆ ಕೇಳಿದರು.

"ಸಾಬ್ರೇ, ನೆಲಕ್ಕೆ ತಾಗ್ದಿರೋ ಅಂಥ ಬೆಂಕಿ ತಟ್ಟೆ ಒಂದು ಮಾಡ್ಕೊಡಕ್ಕಾಯ್ತದಾ? ದೋಣೀಲಿ ತಗೊಂಡೋಗಂಗಿರ್ಬೇಕು."

ಗುಬ್ಬಿಯವರು. ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಸ್ಟೂಲಿನ ಮೇಲೆ ಕೂರಿಸಿ ಟೀ ತರಿಸಿದ ಮೇಲೆ ಒಂದೊಂದಾಗಿ ಹೇಳಿದರು. ಅವರ ಒಬ್ಬನೇ ಮಗ ನಮ್ಮೂರಂಚಿನ ಸತ್ಯಮಂಗಲದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವನು. ರಜೆ ಬಂದರೆ ಗೆಳೆಯರ ಜೊತೆ ಕಯಾಕ್ ತಗೊಂಡು ಕೆರೆಗೆ ಹೋಗುತ್ತಿದ್ದ. ಕಯಾಕ್ ಅಂದರೆ ಒಬ್ಬರೇ ಕೂತು ಹುಟ್ಟು ಹಾಕುವ, ಉದ್ದನೆಯ ಕಿರಿದಾದ ದೋಣಿ. ಪ್ರತಿ ವರ್ಷ ಮಳೆ ಮುಗಿದು ಕೆರೆ ತುಂಬಿದ ಮೇಲೆ ಕುಣಿಗಲ್ ಕಡೆಯ ಒಂದು ಕೆರೆಯಲ್ಲಿ ಆ ಹುಡುಗರು ಆಚೆ ದಡಕ್ಕೆ ಹೋಗಿ, ಬೆಂಕಿ ಹಾಕಿಕೊಂಡು, ಟೆಂಟಿನಲ್ಲಿ ಒಂದು ರಾತ್ರಿ ಕಳೆದು ಬರುತ್ತಿದ್ದರು. ಒಂದು ಬೇಸಿಗೆಯಲ್ಲಿ ಬೇರೆ ಯಾರೋ ಬಂದು ಅದೇ ದಡದಲ್ಲಿ ಬೆಂಕಿ ಹಾಕಿ, ಆರಿಸದೆ ಹೊರಟುಹೋದರು. ದನಗಳಿಗೆ ಅಂತ ಬಿಟ್ಟಿದ್ದ ಹುಲ್ಲೆಲ್ಲ ಸುಟ್ಟು, ಮೀನು ಹಿಡಿಯುವವರ ಬಲೆಗೂ ಬೆಂಕಿ ತಗುಲಿತು. ಇನ್ನು ಮೇಲೆ ಯಾರೂ ಇಲ್ಲಿ ನೆಲದ ಮೇಲೆ ಬೆಂಕಿ ಹಾಕುವಂತಿಲ್ಲ ಎಂದು ಕೆರೆಯ ಮೀನಿನ ಗುತ್ತಿಗೆಯ ಯಜಮಾನರು ಹೇಳಿದರು. ಆಗ ಈ ಮಗ ಅವರ ಮುಂದೆ ನಿಂತು, ಮುಂದಿನ ಸಲ ಬರುವಾಗ ನೆಲಕ್ಕೆ ತಾಗದ ಬೆಂಕಿ ತರುತ್ತೇನೆ, ಒಂದು ಹುಲ್ಲೂ ಸುಡುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದ. ಆ ಮುಂದಿನ ಸಲ ಬರುವ ಮೊದಲೇ ಡೆಂಗಿ ಜ್ವರ ಬಂದು ಹೋಗಿಬಿಟ್ಟ.

ಗೆಳೆಯರು ಈ ವರ್ಷ ಅವನ ಹೆಸರಿನಲ್ಲಿ ಒಂದು ಸಲ ಹೋಗಿಬರೋಣ ಅಂದಿದ್ದರಂತೆ. ಬೆಂಕಿ ಬೇಡ, ಸಣ್ಣ ಗ್ಯಾಸ್ ಒಲೆಯಲ್ಲಿ ಅಡುಗೆ ಮಾಡಿಕೊಂಡರಾಯಿತು ಅಂದಿದ್ದರಂತೆ. ಇವರು ಒಪ್ಪಿರಲಿಲ್ಲ.

"ಮಾತು ಕೊಟ್ಟವ್ನು ಹೋದ ಅಂತ ಮಾತೂ ಹೋಯ್ತದಾ ಸಾಬ್ರೇ?" ಅಂದರು.

ಹೇಗೆ ಮಾಡುವುದು ಅನ್ನುವ ಅಂದಾಜು ಇಲ್ಲದೆಯೇ ಆಯ್ತು ಅಣ್ಣ, ಮಾಡೋಣ ಅಂದುಬಿಟ್ಟೆ.

ಮಾರನೆಯ ದಿನವೇ ನಮ್ಮೂರಿನ ಸದಾಶಿವನಗರಕ್ಕೆ ಹೋದೆ. ಅವರ ಮಗನ ಜೊತೆ ಕಯಾಕ್ ನಡೆಸುತ್ತಿದ್ದ ಹುಡುಗಿಯ ಮನೆ ಅಲ್ಲಿತ್ತು, ದೋಣಿಯನ್ನು ಮೆಟ್ಟಿಲ ಕೆಳಗೆ ಇಟ್ಟುಕೊಂಡಿದ್ದಳು. ಸಾಮಾನು ಹಾಕುವ ಬಾಯಿ ದೋಣಿಯ ಹಿಂಬದಿಯಲ್ಲಿ, ಮೊಟ್ಟೆಯಾಕಾರದಲ್ಲಿತ್ತು. ನನ್ನ ಎರಡು ಅಂಗೈ ಪಕ್ಕಪಕ್ಕ ಇಟ್ಟರೆ ಮುಗಿಯಿತು, ಅಷ್ಟೇ ಜಾಗ. ದಾರದಲ್ಲಿ ಅಳತೆ ತೆಗೆದುಕೊಂಡೆ. ಹಿಂದೆ ಭಾರ ಜಾಸ್ತಿಯಾದರೆ ದೋಣಿಯ ಮೂತಿ ಮೇಲೇಳುತ್ತೆ, ಗಾಳಿ ಬಂದರೆ ಹೇಳಿದ ದಿಕ್ಕಿಗೆ ಹೋಗಲ್ಲ ಎಂದು ಅವಳು ವಿವರಿಸಿದಳು. ನಾನು ತಲೆಯಾಡಿಸಿದೆ, ಆದರೆ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಅದರ ಫಲ ಮೊದಲ ತಟ್ಟೆಯಲ್ಲೇ ಕಂಡಿತು. ಬೆಂಕಿ ಅಂದರೆ ದಪ್ಪ ಕಬ್ಬಿಣ ಅಂದುಕೊಂಡು ಕತ್ತರಿಸಿ, ಬೆಸುಗೆ ಹಾಕಿ, ಆಟೋದಲ್ಲಿ ಹೊತ್ತುಕೊಂಡು ಹೋದೆ. ದೋಣಿಯ ಬಾಯಿಯೊಳಗೆ ಅದು ಹೋಗಲೇ ಇಲ್ಲ. ಹೋಗಿದ್ದರೂ ದೋಣಿ ಮುಳುಗುತ್ತಿತ್ತೇನೋ. ಡ್ರೈವರಣ್ಣ ಅದನ್ನು ಒಂದು ಸುತ್ತು ನೋಡಿ, ಇದರಲ್ಲಿ ಮದುವೆ ಊಟಕ್ಕೆ ಸಾರು ಕಾಯಿಸಬಹುದು ಅಂದರು. ಹುಡುಗಿ ನಕ್ಕಳು. ಅವರೂ ಸ್ವಲ್ಪ ನಕ್ಕು, ನಕ್ಕಿದ್ದಕ್ಕೆ ನಾಚಿದವರಂತೆ ಮುಖ ಒರೆಸಿಕೊಂಡರು.

ಎರಡನೆಯ ಸಲ ತೆಳು ತಗಡಿಗೆ ಬಂದೆ. ಅಂಗಡಿಯಲ್ಲಿ ಇರುವುದೆಲ್ಲ ಸತು ಬಳಿದ ಜಿಐ ಶೀಟು. ಅದನ್ನು ಕೆಂಪಗೆ ಕಾಯಿಸಿದರೆ ಬಿಳಿ ಹೊಗೆ ಬಿಡುತ್ತದೆ, ಕುಡಿದವನಿಗೆ ಎದೆ ಬಿಗಿದು ಚಳಿಜ್ವರ ಬರುತ್ತದೆ. ನಮ್ಮ ಅಬ್ಬಾ ಒಲೆಗೆ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಸತ್ಯಮಂಗಲದ ಗುಜರಿಯಲ್ಲಿ ಹುಡುಕಿ ತೆಳುವಾದ ಸ್ಟೀಲ್ ತುಂಡುಗಳನ್ನು ಆರಿಸಿ ತಂದೆ. ಸೀಸದ ಬೆಸುಗೆ ಬೆಂಕಿಯಲ್ಲಿ ಕರಗುವುದರಿಂದ ಎಲ್ಲವನ್ನೂ ಮಡಿಚಿ ರಿವೆಟ್ ಹೊಡೆದೆ. ದೋಣಿಯ ಬಾಯಿಯಲ್ಲಿ ಹೋಗಲೆಂದು ತಟ್ಟೆಯನ್ನು ಎರಡು ಹೋಳು ಮಾಡಿ, ಒಂದರ ಅಂಚು ಇನ್ನೊಂದರ ಮೇಲೆ ಕೂರುವಂತೆ ಮಾಡಿ, ನಡುವೆ ಪಿನ್ನು ಹಾಕಿದೆ. ಅಂಗಡಿಯ ಹಿಂದಿನ ಜಾಗದಲ್ಲಿ ಬೆಂಕಿ ಹಚ್ಚಿದೆವು. ತಗಡು ಕಾಯುತ್ತಿದ್ದಂತೆ ಉಬ್ಬಿ, ಪಟಾರನೆ ಹಿಮ್ಮುಖವಾಗಿ ಬಾಗಿತು, ಕೆಂಡ ಎಗರಿ ನನ್ನ ಪ್ಯಾಂಟಿಗೆ ತೂತು ಬಿತ್ತು. ನಾನು ಬೈದ ಬೈಗುಳ ಸರ್ಕಲ್ಲಿಗೆ ಕೇಳಿಸಿರಬೇಕು. ಆಮೇಲೆ ತಳದಲ್ಲಿ ನಡುವಿನಿಂದ ಮೂಲೆಗಳ ಕಡೆಗೆ ಗೆರೆ ಗೆರೆಯಾಗಿ ಏಣು ಬಡಿದು, ಅಂಚಿನೊಳಗೆ ತಂತಿ ಇಟ್ಟು ಸುರುಳಿ ಸುತ್ತಿದೆ. ತಗಡು ಅಲುಗಾಡುವುದನ್ನು ಬಿಟ್ಟಿತು.

ನೆಲದ ಕಥೆ ಇನ್ನೂ ಬಾಕಿ ಇತ್ತು. ನಾಲ್ಕು ಬೆರಳೆತ್ತರದ ಮಡಚುವ ಕಾಲು ಹಾಕಿ, ಕೆಳಗೆ ಹಳೆಯ ಪೇಪರ್ ಹಾಸಿ ಬೆಂಕಿ ಹಚ್ಚಿದೆ. ಆರಿಸಿ ನೋಡಿದರೆ ಪೇಪರ್ ಕಂದು ಬಣ್ಣಕ್ಕೆ ತಿರುಗಿತ್ತು. ಪೇಪರಿಗೆ ಹೀಗಾದರೆ ಹುಲ್ಲಿನ ಗತಿ ಏನು? ತಳದ ಕೆಳಗೆ ಗಾಳಿ ಆಡುವಷ್ಟು ಸಂದು ಬಿಟ್ಟು ಇನ್ನೊಂದು ತಗಡು ತೂಗುಹಾಕಿದೆ. ಈ ಸಲ ಪೇಪರ್ ಬೆಳ್ಳಗೇ ಉಳಿಯಿತು. ಅದರಲ್ಲಿದ್ದ ಯಾವುದೋ ರಾಜಕಾರಣಿಯ ಮುಖವೂ ಹಾಗೇ ನಗುತ್ತಿತ್ತು.

ಪ್ರತಿ ಪರೀಕ್ಷೆಗೂ ಡ್ರೈವರಣ್ಣ ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಒಣಗಿದ ತೆಂಗಿನ ಚಿಪ್ಪು ಒಂದು ಚೀಲ ತರುತ್ತಿದ್ದರು. ಸ್ಟೂಲನ್ನು ಬೆಂಕಿಯ ಹತ್ತಿರ ಎಳೆದುಕೊಂಡು ಒಂದೊಂದೇ ಚಿಪ್ಪು ಹಾಕುತ್ತ ಕೂರುವರು. ಹೊಗೆ ಮುಖಕ್ಕೆ ಬಂದರೂ ಸರಿಯುತ್ತಿರಲಿಲ್ಲ, ಕಣ್ಣಲ್ಲಿ ನೀರು ಸುರಿದರೆ ಹೊಗೆಯ ಲೆಕ್ಕಕ್ಕೆ ಹೋಗುತ್ತಿತ್ತು. ಮಗನ ಬಗ್ಗೆ ತಾವಾಗಿ ಮಾತಾಡಿದ್ದು ಒಂದೇ ಸಲ. ಅವನು ಚಿಕ್ಕವನಿದ್ದಾಗ ತಮಗೆ ಯಾವಾಗಲೂ ಲಾಂಗ್ ರೂಟು, ಬೆಳಗಿನ ಜಾವ ಹೊರಟರೆ ಮನೆ ಸೇರುವ ಹೊತ್ತಿಗೆ ಊರೇ ಮಲಗಿರುತ್ತಿತ್ತು ಅಂದರು.

"ಅವನ್ ನಿದ್ದೆ ಮಾಡ್ತಿರೋದ್ನೇ ಜಾಸ್ತಿ ನೋಡಿರೋದು ಸಾಬ್ರೇ ನಾನು. ರಿಟೈರಾದ್ಮೇಲೆ ನೋಡ್ಕೊಂಡ್ರಾಯ್ತು ಅಂತಿದ್ದೆ."

ಇಕ್ಕಳದಲ್ಲಿ ಸುಮ್ಮನೆ ಕೆಂಡ ಸರಿಸಿದೆ. ಹೆತ್ತವರಿಗೆ ಸಮಾಧಾನ ಹೇಳುವ ಬಾಯಿ ನನಗೆ ದೇವರು ಕೊಟ್ಟಿಲ್ಲ.

ಅಲ್ಲಿಗೆ ಕೆಲಸ ಮುಗಿಸಿಬಿಟ್ಟಿದ್ದರೆ ಚೆನ್ನಾಗಿತ್ತು. ಯಾರೂ ಕೇಳದ ಒಂದು ವಿಷಯ ನಾನೇ ತಲೆಯಲ್ಲಿ ತುಂಬಿಕೊಂಡೆ. ಸಂಜೆ ಹೊತ್ತು ಕೆರೆ ದಡದಲ್ಲಿ ಗಾಳಿ ತಿರುಗುತ್ತದೆ ಎಂದು ಹುಡುಗಿ ಹೇಳಿದ್ದಳು. ಹಾಗಾದರೆ ಉರಿಯುವ ಬೆಂಕಿಯನ್ನೇ ಎತ್ತಿಕೊಂಡು ಬೇರೆ ಕಡೆ ಇಡುವಂತಿರಬೇಕಲ್ಲ? ನಮ್ಮ ಅಬ್ಬಾ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಬೀದಿಯಿಂದ ಬೀದಿಗೆ ಹೋಗುವಾಗ ಕೆಂಡ ಆರದಿರಲಿ ಎಂದು ಸಣ್ಣ ಒಲೆಗೆ ಮೂರು ಸರಪಳಿ ಹಾಕಿ, ಮೇಲೆ ಒಂದು ಬಳೆಗೆ ಸೇರಿಸಿ, ಕೈಯಲ್ಲಿ ತೂಗಾಡಿಸಿಕೊಂಡು ಹೋಗುತ್ತಿದ್ದರು. ನಾನೂ ಹಾಗೇ ಮಾಡಿದೆ. ಮೂರು ಸರಪಳಿ, ಮೇಲೊಂದು ಬಳೆ, ಹಿಡಿಯಲು ಮರದ ತುಂಡು. ಬಲು ಚೆಂದ ಬಂದಿತ್ತು. ಅಬ್ಬಾ ಇದ್ದಿದ್ದರೆ ಭೇಷ್ ಅನ್ನುತ್ತಿದ್ದರು ಅಂತ ಹೆಮ್ಮೆಯೂ ಪಟ್ಟೆ.

ಕೆರೆಯಲ್ಲೇ ಒಂದು ಸಲ ಪರೀಕ್ಷೆ ಮಾಡೋಣ ಎಂದು ಹುಡುಗಿ, ಡ್ರೈವರಣ್ಣ, ನಾನು ಮೂವರೂ ಕುಣಿಗಲ್ ಕಡೆ ಹೋದೆವು. ಗುತ್ತಿಗೆಯ ಯಜಮಾನರೂ ನೋಡಲು ಬಂದರು. ನೀರಿನಂಚಿನ ಕಲ್ಲಿನ ಮೇಲೆ ತಟ್ಟೆ ಇಟ್ಟು ಬೆಂಕಿ ಹಚ್ಚಿದೆವು. ಸಂಜೆಗೆ ಗಾಳಿ ತಿರುಗಿತು. ನನಗೆ ಖುಷಿಯೋ ಖುಷಿ. ಅಣ್ಣ, ನೀವೇ ಹಿಡ್ಕೊಂಡು ಆ ಮರದ ಹತ್ರ ನಡೀರಿ, ಎಷ್ಟು ಸಲೀಸು ನೋಡಿ ಅಂದೆ. ಅವರು ಮರದ ಹಿಡಿ ಹಿಡಿದು ಎತ್ತಿದರು. ತಟ್ಟೆ ಮೂರು ಸರಪಳಿಯಲ್ಲಿ ತೂಗಾಡುತ್ತ ಹೊಗೆ ಬಿಡುತ್ತಿತ್ತು. ಅವರು ಮುಂದೆ, ನಾವು ಮೂವರು ಹಿಂದೆ ಸಾಲಾಗಿ ಹೊರಟೆವು.

ಕೆಲವೇ ಹೆಜ್ಜೆ ನಡೆದು ಅವರು ನಿಂತುಬಿಟ್ಟರು. ಸುಸ್ತಾಯಿತೇನೋ ಅಂದುಕೊಂಡೆ. ಆಮೇಲೆ ಹಿಂದಿನಿಂದ ಆ ಬೆನ್ನು, ಆ ಕೈ, ಕೈಯಿಂದ ತೂಗುತ್ತಿರುವ ಬೆಂಕಿ ನೋಡಿದೆ. ಯಾ ಅಲ್ಲಾ! ಶಿರಾ ಗೇಟಿನಲ್ಲಿ ಅಂಗಡಿ ಇಟ್ಟುಕೊಂಡು ಎಷ್ಟು ಹೆಣದ ಮೆರವಣಿಗೆಗೆ ನಾನು ಅರ್ಧ ಶಟರ್ ಎಳೆದು ನಿಂತಿಲ್ಲ? ಚಟ್ಟದ ಮುಂದೆ ಒಬ್ಬನೇ ನಡೆಯುವವನ ಕೈಯಲ್ಲಿ ಹೀಗೇ ಬೆಂಕಿ ಮಡಕೆ ತೂಗುತ್ತಿರುತ್ತದೆ. ಅಪ್ಪನಿಗಾಗಿ ಮಗ ಹಿಡಿಯಬೇಕಾದದ್ದನ್ನು ಈ ಮನುಷ್ಯ ಮಗನಿಗಾಗಿ ಹಿಡಿದಿದ್ದರು. ಅದನ್ನೇ ನಾನು ಮತ್ತೆ ಅವರ ಕೈಗೆ ಕೊಟ್ಟು ನಡೀರಿ ಅಂದಿದ್ದೆ.

ಓಡಿಹೋಗಿ, ಕೆಳಗಿಡಿ ಅಣ್ಣ, ಕೆಳಗಿಡಿ ಅಂದೆ. ಅವರು ನನ್ನ ಕಡೆ ತಿರುಗಲಿಲ್ಲ.

"ಮಧ್ಯದಲ್ಲಿ ಕೆಳಗಿಡ್ಬಾರ್ದು ಸಾಬ್ರೇ," ಅಂದರು, ತೀರಾ ಮೆಲ್ಲಗೆ.

ನಾನೇ ಅವರ ಬೆರಳು ಬಿಡಿಸಿ ಹಿಡಿಯನ್ನು ಕಿತ್ತುಕೊಂಡೆ. ಯಜಮಾನರು ಅವರನ್ನು ತೋಳು ಹಿಡಿದು ಕರೆದುಕೊಂಡು ಹೋಗಿ ನೀರು ಕುಡಿಸಿದರು.

ಆಮೇಲೆ ಅವರು ಅಂಗಡಿಗೆ ಬರುವುದು ನಿಂತಿತು. ಫೋನ್ ಮಾಡಿದರೆ, ಸಾಕು ಬುಡಿ ಸಾಬ್ರೇ, ನಮ್ ಹಣೇಲಿ ಇದ್ದಂಗಾಯ್ತದೆ ಎಂದು ಇಟ್ಟರು. ಹುಡುಗಿ ಕೂಡ ಬಿಟ್ಟುಬಿಡೋಣ ಅಂಕಲ್ ಅಂದಳು. ಬಿಡುವುದು ಹೇಗೆ? ಮಗನ ಮಾತು ಉಳಿಸಲು ಬಂದ ಮನುಷ್ಯನನ್ನು ಮತ್ತೊಂದು ಸಲ ಸ್ಮಶಾನಕ್ಕೆ ನಡೆಸಿ ಕಳಿಸಿದ್ದೆ. ಸರಪಳಿಗಳನ್ನು ಅಂದೇ ಕತ್ತರಿಸಿ ಗುಜರಿ ಡಬ್ಬಿಗೆ ಎಸೆದೆ. ಸಿಕ್ಕಸಿಕ್ಕ ಗಿರಾಕಿಯ ಮೇಲೆ ಹರಿಹಾಯ್ದೆ. ಅಂಗಡಿ ಬಾಗಿಲು ಹಾಕಿಸೋಕೆ ನಿಮ್ಮ ನಾಲಿಗೆ ಒಂದೇ ಸಾಕು ಎಂದು ಮನೆಯವಳು ಬೈದಳು. ಊಟಕ್ಕೆ ಕೂತರೆ ಆ ಬೆನ್ನು ಕಣ್ಣ ಮುಂದೆ ಬರುತ್ತಿತ್ತು.

ಅದೇ ಸಮಯಕ್ಕೆ ನಮ್ಮ ಮೊಹಲ್ಲಾದ ಹಳೆಯ ದರ್ಜಿಯೊಬ್ಬರು ತೀರಿಕೊಂಡರು. ಜನಾಜಾ ಹೊರುವಾಗ ನಾನೂ ಹೆಗಲು ಕೊಟ್ಟೆ. ನಮ್ಮಲ್ಲಿ ಯಾರೂ ಹೆಚ್ಚು ಹೊತ್ತು ಹೊರುವುದಿಲ್ಲ. ಒಂದಿಷ್ಟು ಹೆಜ್ಜೆ ನಡೆಯುವಷ್ಟರಲ್ಲಿ ಹಿಂದಿನವನು ಬಂದು ಹೆಗಲು ಒಡ್ಡುತ್ತಾನೆ, ನಾವು ಸರಿಯುತ್ತೇವೆ. ಗುರುತಿಲ್ಲದವರೂ ರಸ್ತೆಯಿಂದ ಬಂದು ಕೈ ಹಾಕುತ್ತಾರೆ. ಸರಿದು ನಿಂತು, ಹೆಗಲು ಸವರಿಕೊಳ್ಳುತ್ತ ನೋಡುವಾಗ ನನಗೆ ಡ್ರೈವರಣ್ಣ ನೆನಪಾದರು. ಅವರು ಅದನ್ನು ಒಬ್ಬರೇ ಹಿಡಿದು ಪೂರ್ತಿ ದಾರಿ ನಡೆದಿದ್ದರು, ಯಾರೂ ಇಸಿದುಕೊಳ್ಳುವ ಹಾಗಿರಲಿಲ್ಲ. ಸರಪಳಿ ಕಿತ್ತು ಇನ್ನೊಂದು ಹಿಡಿ ಹಾಕಿದರೆ ಪ್ರಯೋಜನವಿಲ್ಲ ಅನ್ನಿಸಿದ್ದು ಆಗಲೇ. ಒಬ್ಬರೇ ಎತ್ತಿಕೊಂಡು ನಡೆಯಲು ಆಗಲೇಬಾರದು, ಹಾಗೆ ಮಾಡಬೇಕು ಎಂದು ಅಲ್ಲೇ ತೀರ್ಮಾನ ಮಾಡಿದೆ.

ಹೇಳುವುದು ಸುಲಭ. ಮೊದಲು ಎರಡೂ ಪಕ್ಕಕ್ಕೆ ಉದ್ದ ಸರಳು ತೂರಿಸಿ, ಹಿಂದೊಬ್ಬರು ಮುಂದೊಬ್ಬರು ಹಿಡಿಯುವಂತೆ ಮಾಡಿದೆ. ಎರಡು ಹೋಳುಗಳೂ ಗಟ್ಟಿಯಾಗಿ ಕೂತವು. ನೆಲದ ಮೇಲೆ ಇಟ್ಟು ದೂರ ನಿಂತು ನೋಡಿದರೆ ಅದು ಚಟ್ಟವೇ! ಒಂದು ಸಲ ಮಾಡಿದ್ದು ಸಾಲದಾಗಿತ್ತೇ ಮುಠ್ಠಾಳ ಎಂದು ನನ್ನನ್ನೇ ಬೈದುಕೊಂಡು ಸರಳು ಎಳೆದು ಹಾಕಿದೆ. ಕೊನೆಗೆ ದಾರಿ ತೋರಿಸಿದ್ದು ಬಿರಿಯಾನಿ ಬೇಯಿಸುವ ದೊಡ್ಡ ಪಾತ್ರೆ, ಡೇಗು. ಮದುವೆ ಮನೆಯಲ್ಲಿ ಡೇಗನ್ನು ಇಬ್ಬರು ಎದುರುಬದುರು ನಿಂತು, ಒಬ್ಬೊಬ್ಬರು ಒಂದೊಂದು ಕಿವಿ ಹಿಡಿದು, ಒಬ್ಬರ ಮುಖ ಒಬ್ಬರು ನೋಡುತ್ತ ಅಡ್ಡಡ್ಡ ಹೆಜ್ಜೆ ಹಾಕಿ ಸಾಗಿಸುತ್ತಾರೆ. ತಟ್ಟೆಯ ಎರಡು ತುದಿಗೂ ಒಳಕ್ಕೆ ಮಡಚುವ ಅಗಲವಾದ ಕಿವಿ ಹಾಕಿ, ಬಿಸಿ ತಾಗದಂತೆ ಹಗ್ಗ ಸುತ್ತಿದೆ. ಉರಿಯುವ ಬೆಂಕಿಯನ್ನು ತಬ್ಬಿಕೊಂಡು ಎರಡೂ ಕಿವಿ ಹಿಡಿಯಲು ಒಬ್ಬನಿಂದಾಗದು. ಇಬ್ಬರು ಬೇಕೇ ಬೇಕು.

ಫೋನ್ ಮಾಡದೆ ನೇರ ಗುಬ್ಬಿಗೆ ಹೋದೆ. ಡ್ರೈವರಣ್ಣ ಜಗಲಿಯಲ್ಲಿ ಕೂತಿದ್ದವರು ನನ್ನ ಚೀಲ ನೋಡಿ ಮುಖ ತಿರುಗಿಸಿದರು. ನಾನು ತಟ್ಟೆ ಜೋಡಿಸಿ ಅಂಗಳದಲ್ಲಿಟ್ಟೆ. ಒಳಗಿನಿಂದ ಅವರ ಮನೆಯವರು ಬಂದರು. ಆ ತಾಯಿಯನ್ನು ನಾನು ನೋಡಿದ್ದು ಅದೇ ಮೊದಲು. ಸುತ್ತ ನಡೆದು ನೋಡಿದರು, ಬಗ್ಗಿ ಒಂದು ಕಿವಿ ಹಿಡಿದು ಎತ್ತಲು ನೋಡಿದರು, ತಟ್ಟೆ ಒಂದೇ ಕಡೆ ಎದ್ದು ವಾಲಿತು.

"ಒಬ್ರಿಗೆ ಎತ್ತಕ್ಕಾಗಲ್ವಲ್ಲಪ್ಪ ಇದು?"

"ಆಗ್ಬಾರ್ದು ಅಂತಲೇ ಮಾಡಿರೋದಮ್ಮ," ಅಂದೆ.

ಅವರಿಗೆ ಕೆರೆಯ ಸಂಗತಿ ಗೊತ್ತಿತ್ತು ಅನ್ನಿಸುತ್ತದೆ, ಹಿಡಿದ ಕಿವಿ ಬಿಡಲಿಲ್ಲ. ಆಮೇಲೆ ಗಂಡನ ಕಡೆ ತಿರುಗಿ, ಮದ್ವೆ ಮನೆ ಪಾತ್ರೆ ಇದ್ದಂಗೈತೆ ನೋಡ್ರೀ ಅಂದು, ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಮದುವೆ ಮಾಡಲು ಹೆಣ್ಣು ನೋಡುತ್ತಿದ್ದರಂತೆ ಆ ಮಗನಿಗೆ. ಡ್ರೈವರಣ್ಣ ಜಗಲಿ ಇಳಿದು ಬಂದರು. ಇನ್ನೊಂದು ಕಿವಿ ಹಿಡಿದರು. ಇಬ್ಬರೂ ಆ ಖಾಲಿ ತಟ್ಟೆಯನ್ನು ಎತ್ತಿ, ಅಡ್ಡಡ್ಡ ನಡೆದು, ಜಗಲಿಯ ಮೇಲಿಟ್ಟರು. ಅವತ್ತು ಅವನ್ನ ಸ್ಮಶಾನಕ್ಕೆ ಒಯ್ವಾಗ ಹೆಂಗಸು ಅಂತ ನಾನು ಬೀದಿ ತಿರುವಿನವರೆಗೂ ಬರೋ ಹಂಗಿರಲಿಲ್ಲ, ಈ ಸಲ ನಾನೂ ಬರ್ತೀನಿ ಎಂದು ಆ ತಾಯಿ ಹೇಳಿದರು.

ಕೆರೆ ತುಂಬಿತ್ತು. ಹುಡುಗರು ಕಯಾಕ್‌ಗಳಲ್ಲಿ ನೀರಿನ ಮೇಲೆ ಹೋದರು, ತಟ್ಟೆಯ ಎರಡು ಹೋಳು ಹುಡುಗಿಯ ದೋಣಿಯ ಹಿಂಬದಿಯಲ್ಲಿ ಸದ್ದಿಲ್ಲದೆ ಕೂತಿದ್ದವು. ಗಂಡಹೆಂಡತಿ, ನಾನು ಮೂವರೂ ಏರಿಯ ದಾರಿಯಲ್ಲಿ ನಡೆದು ಆಚೆ ದಡ ಸೇರಿದೆವು. ಗುತ್ತಿಗೆಯ ಯಜಮಾನರು ಆಗಲೇ ಬಂದು ಕಾಯುತ್ತಿದ್ದರು. ಈ ಸಲ ಕಲ್ಲಿನ ಮೇಲಲ್ಲ, ಹುಲ್ಲಿನ ಮೇಲೆಯೇ ತಟ್ಟೆ ಇಟ್ಟರು. ಗುಬ್ಬಿಯ ಚಿಪ್ಪು ಚೆನ್ನಾಗಿ ಹೊತ್ತಿಕೊಂಡಿತು. ಕತ್ತಲಾಗುವ ಮುಂಚೆ ಗಾಳಿ ತಿರುಗಿದಾಗ ನನ್ನ ಜೀವ ಬಾಯಿಗೆ ಬಂತು. ಯಾರಾದರೂ ಇಬ್ಬರು ಹುಡುಗರು ಎತ್ತಲಿ ಅಂದುಕೊಳ್ಳುವಷ್ಟರಲ್ಲಿ ಗಂಡಹೆಂಡತಿ ಎದ್ದುನಿಂತಿದ್ದರು. ನಡುವೆ ಬೆಂಕಿ, ಆ ಕಡೆ ಇವರು, ಈ ಕಡೆ ಅವರು. ಕಾಲ್ಕೆಳಗೆ ಕಲ್ಲೈತೆ ನೋಡ್ಕಂಡು ಎಂದು ಡ್ರೈವರಣ್ಣ ಹೆಂಡತಿಗೆ ಹೇಳುವುದು ಕೇಳಿಸಿತು. ಮರದ ಹತ್ತಿರ ಇಟ್ಟು ಬಂದು ಕೂತರು. ನಾನು ಕಣ್ಣೊರೆಸಿಕೊಂಡೆ, ನನ್ನ ಮುಖಕ್ಕೆ ಹೊಗೆ ಬರುತ್ತಿರಲಿಲ್ಲ.

ಮೊದಲು ತಟ್ಟೆ ಇಟ್ಟಿದ್ದ ಜಾಗಕ್ಕೆ ಗುತ್ತಿಗೆಯ ಯಜಮಾನರು ಹೋದರು. ಕುಕ್ಕರುಗಾಲಲ್ಲಿ ಕೂತು ಹುಲ್ಲಿನ ಮೇಲೆ ಅಂಗೈ ಇಟ್ಟರು. ಹುಲ್ಲು ಬಗ್ಗಿತ್ತು, ಸುಟ್ಟಿರಲಿಲ್ಲ.

"ಹುಡ್ಗ ಮಾತು ಉಳಿಸ್ಕೊಂಡ ಕಣಣ್ಣ," ಎಂದು ಡ್ರೈವರಣ್ಣನಿಗೆ ಹೇಳಿದರು.

ಅವರು ಹೂಂ ಅಂದರು. ನಾನು ಅಂದುಕೊಂಡಿದ್ದೆ, ಆ ಮಾತು ಕೇಳಿದರೆ ಅವರ ಮನಸ್ಸು ಒಂದಿಷ್ಟು ಹಗುರಾಗಬಹುದು ಅಂತ. ಹಾಗೇನೂ ಆಗಲಿಲ್ಲ. ಮಗನಿಗಾಗಿ ಮಾಡಲು ಇದ್ದ ಕೊನೆಯ ಕೆಲಸವೂ ಮುಗಿದುಹೋಯಿತು ಅನ್ನುವ ಹಾಗಿತ್ತು ಅವರ ಮುಖ.

ಬೆಳಿಗ್ಗೆ ಹುಡುಗರು ತಟ್ಟೆಗೆ ನೀರು ಚಿಮುಕಿಸಿ, ಬೂದಿ ಪೂರ್ತಿ ತಣ್ಣಗಾಗುವವರೆಗೆ ಕೆದಕಿದರು. ಆ ತಾಯಿ ತಾವೇ ಬಂದು ಕೂತು, ಚಟ್ನಿಪುಡಿ ತಂದಿದ್ದ ಡಬ್ಬಿ ತೊಳೆದು, ಬೂದಿಯನ್ನು ಬೊಗಸೆಯಲ್ಲಿ ಎತ್ತಿ ಎತ್ತಿ ತುಂಬಿದರು. ತುಂಬಿಕೊಂಡು ನೀರಿನಂಚಿಗೆ ಹೋಗಿ ನಿಂತರು.

"ಇದ್ನೂ ನೀರಿಗೇ ಬಿಡ್ಬೇಕೇನ್ರೀ?" ಎಂದು ಗಂಡನನ್ನು ಕೇಳಿದರು.

ಡ್ರೈವರಣ್ಣ ಹುಡುಗಿಯ ಕಡೆ ನೋಡಿದರು. ಅವಳು, ಇಲ್ಲ ಆಂಟಿ, ನಾವು ಬೂದಿ ಕೆರೆಗೆ ಹಾಕಲ್ಲ, ದಡದಲ್ಲೂ ಬಿಡಲ್ಲ, ವಾಪಸ್ ತಗೊಂಡು ಹೋಗ್ತೀವಿ, ಅವನೇ ಮಾಡಿದ್ದ ರೂಲು ಅಂದಳು.

ಆ ತಾಯಿ ಡಬ್ಬಿಯ ಮುಚ್ಚಳ ಹಾಕಿದರು. "ಅವತ್ತು ಸಂಗಮಕ್ಕೆ ಒಯ್ಯೋಗಂಟ ಅವನ್ ಬೂದಿ ಮಡಕೇನ ಹೊಸ್ಲು ದಾಟಕ್ಕೆ ಬಿಡ್ಲಿಲ್ಲ ನೀವು. ಹೊರಗಡೆ ಬೇವಿನ ಮರಕ್ಕೆ ಕಟ್ಟಿದ್ರಿ. ನನ್ ಮಗ ರಾತ್ರಿಯೆಲ್ಲ ಆಚೆ ಇದ್ದ."

ಡ್ರೈವರಣ್ಣ ಹತ್ತಿರ ಹೋಗಿ ಡಬ್ಬಿಯ ಮೇಲೆ ಕೈ ಇಟ್ಟರು.

"ಇದು ಒಳಕ್ಕೇ ಬರ್ತದೆ ಕಣೇ," ಅಂದರು.